ಒಂದು ಗಿಟಾರ್ ಕಡಿಮೆ, ಭಾರ ಜಾಸ್ತಿ

ಗಿಟಾರ್ ವಾದಕ ತಂಡ ಬಿಟ್ಟರೆ ಹಾಡಿನ ತೂಕ ಇಳಿಯಬೇಕು. ಮೆಟಲ್‌ಕೋರ್‌ನಲ್ಲಂತೂ ಎರಡು ಗಿಟಾರ್‌ಗಳು ಸೇರಿ ಕಟ್ಟುವ ಗೋಡೆಯೇ ಎಲ್ಲಕ್ಕೂ ಆಧಾರ. ಆದರೆ ಇಂಗ್ಲೆಂಡಿನ ಬ್ರೈಟನ್ ಊರಿನ ಆರ್ಕಿಟೆಕ್ಟ್ಸ್ ತಂಡದಲ್ಲಿ ಲೆಕ್ಕ ಉಲ್ಟಾ ಆಗಿದೆ. 2023ರ ಮೇ ತಿಂಗಳಲ್ಲಿ ಗಿಟಾರ್ ವಾದಕ ಜಾಶ್ ಮಿಡಲ್ಟನ್ ಹೊರನಡೆದರು. 2025ರ ಫೆಬ್ರುವರಿ 28ರಂದು ಎಪಿಟಾಫ್ ಸಂಸ್ಥೆ ಹೊರತಂದ ತಂಡದ ಹನ್ನೊಂದನೆಯ ಆಲ್ಬಂ ‘ದ ಸ್ಕೈ, ದಿ ಅರ್ಥ್ ಆ್ಯಂಡ್ ಆಲ್ ಬಿಟ್ವೀನ್’ ಅದರ ಹಿಂದಿನ ಎರಡಕ್ಕಿಂತಲೂ ಒರಟು, ಭಾರ.

ಈ ಬಗೆಯ ಸಂಗೀತ ಕೇಳಿ ರೂಢಿಯಿಲ್ಲದವರಿಗೆ ಒಂದೆರಡು ಮಾತು. ಹಾರ್ಡ್‌ಕೋರ್ ಪಂಕ್‌ನ ಸಿಟ್ಟಿಗೆ ಮೆಟಲ್‌ನ ಗಿಟಾರ್ ಸೇರಿದರೆ ಮೆಟಲ್‌ಕೋರ್. ಚರಣದಲ್ಲಿ ಅರಚು, ಪಲ್ಲವಿಯಲ್ಲಿ ಇಂಪು ಎಂಬುದು ಇದರ ಜನಪ್ರಿಯ ಕಟ್ಟು. ಇದಕ್ಕೆ ಕಳಶವಿಟ್ಟಂತೆ ಬರುವುದು ‘ಬ್ರೇಕ್‌ಡೌನ್’. ಜನ ಎಳೆದು ಓಡಿಸುತ್ತಿರುವ ತೇರಿನ ಗಾಲಿಗೆ ಮರದ ತುಂಡು ಕೊಟ್ಟು ತಡೆದ ಹಾಗೆ ಹಾಡಿನ ನಡೆ ಒಮ್ಮೆಲೇ ಅರ್ಧಕ್ಕಿಳಿಯುತ್ತದೆ. ಶ್ರುತಿ ಇಳಿಸಿದ ತಂತಿಗಳೂ ಡ್ರಮ್ಮೂ ಒಟ್ಟಿಗೆ ಗುದ್ದುತ್ತವೆ. ಆ ಗುದ್ದಿನ ಬಲ ಇರುವುದು ಎರಡು ಪೆಟ್ಟುಗಳ ನಡುವಿನ ಖಾಲಿ ಜಾಗದಲ್ಲಿ. ಅದನ್ನು ತುಂಬಿಬಿಟ್ಟರೆ ಗದ್ದಲವಷ್ಟೇ ಉಳಿಯುತ್ತದೆ.

ಆರ್ಕಿಟೆಕ್ಟ್ಸ್‌ಗೆ ಅಗಲಿಕೆ ಹೊಸತಲ್ಲ. ಟಾಮ್ ಸರ್ಲ್ ಮತ್ತು ಡ್ಯಾನ್ ಸರ್ಲ್ ಎಂಬ ಅವಳಿ ಸೋದರರು ಕಟ್ಟಿದ ತಂಡವಿದು. ಟಾಮ್ ಅವರದು ಗಿಟಾರ್, ಡ್ಯಾನ್ ಅವರದು ಡ್ರಮ್ಸ್. ಹಾಡುಗಳ ಮುಖ್ಯ ರೂವಾರಿ ಟಾಮ್. 2016ರ ಮೇನಲ್ಲಿ ‘ಆಲ್ ಅವರ್ ಗಾಡ್ಸ್ ಹ್ಯಾವ್ ಅಬ್ಯಾಂಡನ್ಡ್ ಅಸ್’ ಹೊರಬಂತು. ಮೂರು ತಿಂಗಳೂ ಕಳೆದಿರಲಿಲ್ಲ, ಆಗಸ್ಟ್ 20ರಂದು ಟಾಮ್ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು ಬರೀ 28. ಸೈಲೋಸಿಸ್ ತಂಡದ ಮುಂದಾಳು ಮಿಡಲ್ಟನ್ ಆ ಜಾಗಕ್ಕೆ ಬಂದರು. ಟಾಮ್ ಅರ್ಧಕ್ಕೆ ಬಿಟ್ಟುಹೋಗಿದ್ದ ‘ಡೂಮ್ಸ್‌ಡೇ’ ಹಾಡನ್ನು ತಂಡ ಮುಗಿಸಿತು. 2018ರ ‘ಹೋಲಿ ಹೆಲ್’ ಹುಟ್ಟಿದ್ದು ಆ ಶೋಕದಿಂದಲೇ.

ಆಮೇಲಿನದು ವಿಸ್ತರಣೆಯ ಕಾಲ. 2021ರ ‘ಫಾರ್ ದೋಸ್ ದಟ್ ವಿಶ್ ಟು ಎಕ್ಸಿಸ್ಟ್’ ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದರಲ್ಲಿ ಪಿಟೀಲುಗಳು ಬಂದವು, ಹಿತ್ತಾಳೆಯ ಗಾಳಿವಾದ್ಯಗಳು ಬಂದವು, ಅತಿಥಿ ಗಾಯಕರೂ ಬಂದರು. ಅದೇ ಆಲ್ಬಮ್ಮನ್ನು ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಆರ್ಕೆಸ್ಟ್ರಾ ಜತೆ ಮತ್ತೊಮ್ಮೆ ನುಡಿಸಿದ್ದೂ ಆಯಿತು. 2022ರ ಆಲ್ಬಂ ಎಲೆಕ್ಟ್ರಾನಿಕ್ ಸದ್ದಿನತ್ತ ಇನ್ನಷ್ಟು ವಾಲಿತು. ಎಲ್ಲವೂ ದೊಡ್ಡದಾಯಿತು, ಏಟು ಮಾತ್ರ ಮೆತ್ತಗಾಯಿತು. ಹಳೆಯ ಅಭಿಮಾನಿಗಳು ಗೊಣಗಿದರು. 2023ರ ಡಿಸೆಂಬರ್‌ನಲ್ಲಿ ಬಂದ ‘ಸೀಯಿಂಗ್ ರೆಡ್’ ಆ ಗೊಣಗಾಟವನ್ನೇ ಗೇಲಿ ಮಾಡಿದ ಹಾಡು. ಗಾಯಕ ಸ್ಯಾಮ್ ಕಾರ್ಟರ್ ಗಂಟಲಿನ ‘ಬ್ಲೆಹ್’ ಎಂಬ ಹೂಂಕಾರಕ್ಕೆ ಕಾದು ಕೂತವರಿಗೆ ಅದನ್ನು ಬಡಿಸಿ, ಜತೆಗೆ ಕಾಲೆಳೆದದ್ದೂ ಆಯಿತು.

ನನಗೆ ಕುತೂಹಲ ಇರುವುದು ಬೇರೆ ಕಡೆ. 2021 ಮತ್ತು 2022ರ ಆ ಎರಡು ಆಲ್ಬಂಗಳ ನಿರ್ಮಾಣದ ಹೊಣೆ ಡ್ಯಾನ್ ಜತೆ ಮಿಡಲ್ಟನ್ ಅವರದೂ ಆಗಿತ್ತು. ಅಂದರೆ ತಂಡ ಕಳೆದುಕೊಂಡದ್ದು ಗಿಟಾರನ್ನಷ್ಟೇ ಅಲ್ಲ, ಯಾವ ಸದ್ದು ಇರಬೇಕು, ಯಾವುದು ಬೇಡ ಎಂದು ತೀರ್ಮಾನಿಸುವ ಒಂದು ಕಿವಿಯನ್ನೂ. ಆ ಕುರ್ಚಿಗೆ ಬಂದವರು ಜೋರ್ಡನ್ ಫಿಶ್. ಬ್ರಿಂಗ್ ಮಿ ದ ಹೊರೈಜನ್ ತಂಡದಲ್ಲಿ ದಶಕ ಕಾಲ ಕೀಬೋರ್ಡ್ ಹಿಡಿದಿದ್ದವರು, ಆ ತಂಡ ಪಾಪ್ ಕಡೆ ಹೊರಳಿದ್ದಕ್ಕೆ ಪುಣ್ಯವನ್ನೂ ಪಾಪವನ್ನೂ ಹೊತ್ತವರು. ಥ್ರ್ಯಾಶ್ ಮೆಟಲ್ ಹಿನ್ನೆಲೆಯ ಮಿಡಲ್ಟನ್ ಇದ್ದಾಗ ಮೆತ್ತಗಾದ ತಂಡ ಪಾಪ್ ಬಲ್ಲವರು ಬಂದಾಗ ಗಟ್ಟಿಯಾಯಿತು!

ಕೇಳಿದರೆ ಕಾರಣ ಹೊಳೆಯುತ್ತದೆ. ಪಾಪ್ ಬಲ್ಲವನಿಗೆ ಕತ್ತರಿ ಆಡಿಸುವುದು ಗೊತ್ತು. ಮೊದಲ ಹಾಡು ‘ಎಲೆಜಿ’ ತೆಳುವಾದ, ತೇಲುವ ದನಿಯಲ್ಲಿ ಶುರುವಾಗಿ ಕೇಳುಗ ಮೈಮರೆತಾಗ ಸಿಡಿಯುತ್ತದೆ. ಆ ಮೆದು ಇಲ್ಲದಿದ್ದರೆ ಸಿಡಿತಕ್ಕೆ ಬೆಲೆಯಿಲ್ಲ. ‘ವಿಪ್‌ಲ್ಯಾಶ್’ ಮತ್ತು ‘ಬ್ಲ್ಯಾಕ್‌ಹೋಲ್’ಗಳಲ್ಲಿ ಎಲೆಕ್ಟ್ರಾನಿಕ್ ಸದ್ದು ಅಲಂಕಾರಕ್ಕಿಲ್ಲ, ಗಿಟಾರಿನ ಪೆಟ್ಟನ್ನು ಹರಿತ ಮಾಡುವುದಕ್ಕಿದೆ. ಹೌಸ್ ಆಫ್ ಪ್ರೊಟೆಕ್ಷನ್ ಜೋಡಿ ಜತೆಗಿನ ‘ಬ್ರೇನ್ ಡೆಡ್’ ಪಂಕ್‌ನ ಧಾವಂತದಲ್ಲಿ ಓಡಿ ಮುಗಿಯುತ್ತದೆ.

ಹಾಗೆಂದು ಎಲ್ಲವೂ ಚಿನ್ನವಲ್ಲ. ‘ಎವರಿಥಿಂಗ್ ಎಂಡ್ಸ್’ 2022ರ ಆಲ್ಬಂನಿಂದ ತಪ್ಪಿ ಇಲ್ಲಿಗೆ ಬಂದಂತಿದೆ. ಪಲ್ಲವಿಗಳಿಗೆ ಮೆರುಗು ಹೆಚ್ಚಾಗಿ ಒಂದರ ಮುಖ ಇನ್ನೊಂದನ್ನು ಹೋಲುತ್ತದೆ. ಧ್ವನಿಯ ಮಟ್ಟವನ್ನು ಎಲ್ಲೆಡೆ ತುದಿಗೇರಿಸಿರುವುದರಿಂದ ಹೆಡ್‌ಫೋನಿನಲ್ಲಿ ಒಂದೇ ಸಮನೆ ಕೇಳಿದರೆ ಕಿವಿ ದಣಿಯುತ್ತದೆ. ‘ಹೋಲಿ ಹೆಲ್’ನಲ್ಲಿ ಭಾರಕ್ಕೆ ಹೊರಲೇಬೇಕಾದ ಹೊರೆಯಿತ್ತು. ಇಲ್ಲಿನ ಭಾರ ಕಸುಬಿನದು, ಬುದ್ಧಿಪೂರ್ವಕ ಕಟ್ಟಿದ್ದು.

ಅದು ಕೊರತೆ ಎಂದು ನನಗನ್ನಿಸುವುದಿಲ್ಲ. ದುಃಖ ಒಂದು ಆಲ್ಬಮ್ಮನ್ನು ಬರೆಸೀತು, ಎರಡನ್ನು ಬರೆಸೀತು. ಅದನ್ನೇ ನೆಚ್ಚಿ ತಂಡ ನಡೆಯಲಾಗದು. ನನ್ನ ಶ್ರೇಯಾಂಕದಲ್ಲಿ ಇದಕ್ಕೆ ‘ಹೋಲಿ ಹೆಲ್’ ಮತ್ತು 2014ರ ‘ಲಾಸ್ಟ್ ಫಾರೆವರ್, ಲಾಸ್ಟ್ ಟುಗೆದರ್’ಗಳ ಕೆಳಗೆ, 2021 ಮತ್ತು 2022ರ ಎರಡರ ಮೇಲೆ ಜಾಗ. ಹೊಸಬರು ‘ಡೂಮ್ಸ್‌ಡೇ’ ಕೇಳಿ, ಬೆನ್ನಿಗೇ ‘ವಿಪ್‌ಲ್ಯಾಶ್’ ಹಾಕಿಕೊಳ್ಳಲಿ. ಯಾವ ಭಾರ ಯಾವ ಬಗೆಯದೆಂದು ಕಿವಿಯೇ ವಿಂಗಡಿಸುತ್ತದೆ. ಯಾವುದು ಹೆಚ್ಚು ಎಂಬ ಜಗಳವನ್ನು ಆಮೇಲೆ ಆಡೋಣ.