ನರೆ: ಬಣ್ಣವೋ, ಅವಸ್ಥೆಯೋ?

ಬಸವಣ್ಣನವರ ಪ್ರಸಿದ್ಧ ವಚನವೊಂದು ಮುಪ್ಪಿನ ಲಕ್ಷಣಗಳ ಎಣಿಕೆಯಿಂದಲೇ ಆರಂಭವಾಗುತ್ತದೆ. ಆ ಎಣಿಕೆಯಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಕೂದಲಿಗೆ ಸಂಬಂಧಿಸಿದ ಒಂದು ಪದ. ಇಂದು ಪ್ರಚಾರದಲ್ಲಿರುವ ಮುದ್ರಿತ ಪಾಠದಲ್ಲಿ ಆ ಪದ 'ನೆರೆ' ಎಂದಿದೆ. ಅದರ ಜೊತೆಗೆ ಬರುವುದು 'ತೆರೆ'. ಇಂದಿನ ವಿದ್ಯಾರ್ಥಿಗೆ ನೆರೆಯೆಂದರೆ ಹೊಳೆಯ ಪ್ರವಾಹ, ಇಲ್ಲವೆ ಪಕ್ಕದ ಮನೆ. ತೆರೆಯೆಂದರೆ ಕಡಲ ಅಲೆ, ಇಲ್ಲವೆ ನಾಟಕದ ಪರದೆ. ಪ್ರವಾಹವನ್ನೂ ಅಲೆಯನ್ನೂ ಕೂಡಿಸಿ ಓದಿಕೊಂಡರೆ ಒಂದು ಬಗೆಯ ಅರ್ಥವೂ ಹೊಳೆದೀತು! ತಪ್ಪು ಅರ್ಥಗಳೆರಡು ಹೀಗೆ ಒಂದಕ್ಕೊಂದು ಹೊಂದಿಕೊಂಡುಬಿಟ್ಟಾಗ ಓದುಗನಿಗೆ ತಾನು ತಪ್ಪಿದೆನೆಂಬ ಸಂಶಯವೇ ಬರುವುದಿಲ್ಲ. ನಿಘಂಟು ನೋಡುವ ಪ್ರಮೇಯವೂ ಒದಗುವುದಿಲ್ಲ. ಪ್ರಸ್ತುತ ಲೇಖನದ ಉದ್ದೇಶ ಈ ಒಂದು ಪದದ ಸ್ವರೂಪವನ್ನು ವಿಚಾರಿಸುವುದು.

ಪದದ ಮೂಲರೂಪ 'ನರೆ'. ತಮಿಳಿನಲ್ಲಿ ನರೈ, ಮಲಯಾಳದಲ್ಲಿ ನರ, ತುಳುವಿನಲ್ಲಿ ನರೆ, ತೆಲುಗಿನಲ್ಲಿ ನೆರ. ಇದು ಅಚ್ಚ ದ್ರಾವಿಡ ಪದವೆಂಬುದರಲ್ಲಿ ವಿವಾದವಿಲ್ಲ. ಪುರನಾನೂರಿನ 191ನೆಯ ಪದ್ಯದಲ್ಲಿ ಪಿಸಿರಾಂದೈಯಾರ್ ಎಂಬ ಕವಿ, ವಯಸ್ಸು ಬಹಳವಾಗಿದ್ದರೂ ತನಗೇಕೆ ನರೆ ಬಂದಿಲ್ಲವೆಂಬ ಪ್ರಶ್ನೆಗೆ ಉತ್ತರ ಹೇಳುತ್ತಾನೆ: ಮನೆಯಲ್ಲಿ ಗುಣವಂತೆಯಾದ ಹೆಂಡತಿ, ಅರಿವುಳ್ಳ ಮಕ್ಕಳು, ಮಾತು ಮೀರದ ಆಳುಗಳು, ಅನ್ಯಾಯಕ್ಕಿಳಿಯದ ಅರಸ, ಊರಿನಲ್ಲಿ ಸಜ್ಜನರು ಇದ್ದಾರೆ ಎಂದು. ಗಮನಿಸಬೇಕಾದುದೇನೆಂದರೆ, ಇಲ್ಲಿನ ಪ್ರಶ್ನೆ ಬಣ್ಣದ್ದಲ್ಲ. ಕಾಲವೂ ಚಿಂತೆಯೂ ಮನುಷ್ಯನ ಮೇಲೆ ಮಾಡುವ ಕೆಲಸ ಇವನ ಮೇಲೇಕೆ ಆಗಲಿಲ್ಲವೆಂಬುದು ಪ್ರಶ್ನೆ.

ನಮ್ಮ ನಿಘಂಟುಗಳು ನರೆಗೆ ಸಾಮಾನ್ಯವಾಗಿ 'ಬಿಳಿಗೂದಲು' ಎಂದು ಅರ್ಥ ಬರೆದು ಮುಂದೆ ಹೋಗುತ್ತವೆ. ಅರ್ಥ ತಪ್ಪಲ್ಲ, ಆದರೆ ಅಪೂರ್ಣ. ಕನ್ನಡದ ವರ್ಣವಾಚಕಗಳು ಯಾವ ವಸ್ತುವಿಗೂ ವಿಶೇಷಣವಾಗಬಲ್ಲವು. ಬೆಳ್ಗೊಡೆ, ಬೆಳ್ದಿಂಗಳು, ಕೆಂದಾವರೆ, ಕಾರ್ಮುಗಿಲು: ಕೊಡೆಯೋ ತಿಂಗಳೋ ಹೂವೋ ಮೋಡವೋ, ಬಣ್ಣದ ಪದಕ್ಕೆ ಭೇದವಿಲ್ಲ. ನರೆಯಾದರೋ ಹಾಗಲ್ಲ. ನರೆಗೂದಲು ಉಂಟು, ನರೆದಲೆ ಉಂಟು, ನರೆಗಡ್ಡ ಉಂಟು. ಬಿಳಿಯ ಬಟ್ಟೆಯನ್ನಾಗಲಿ ಮಲ್ಲಿಗೆಯನ್ನಾಗಲಿ ಯಾರೂ ನರೆಯೆನ್ನುವುದಿಲ್ಲ. ಅಲ್ಲದೆ ನರೆ ನಾಮಪದವಾಗಿರುವಂತೆ ಧಾತುವೂ ಹೌದು. ತಲೆ ನರೆಯುತ್ತದೆ, ನರೆತಿತು, ನರೆತ ತಲೆ. ಹಣ್ಣು ಮಾಗುವಂತೆ ಇದು ಒಂದು ಆಗುವಿಕೆ. ಹುಟ್ಟಿನಿಂದಲೇ ಬಿಳಿಯ ಕೂದಲಿರುವವನ ತಲೆಯನ್ನು ಬಿಳಿದೆನ್ನಬಹುದೇ ಹೊರತು ನರೆತಿದೆಯೆನ್ನಲಾಗದು. ಕರಿದಾಗಿದ್ದುದು ನರೆಯಬೇಕು. 'ಬಾಲನರೆ' ಎಂಬ ಮಾತು ಇದಕ್ಕೆ ಸಾಕ್ಷಿ: ಹೊತ್ತಿಗೆ ಮುಂಚೆ ಬಂದದ್ದರಿಂದಲೇ ಅದಕ್ಕೊಂದು ಬೇರೆ ಹೆಸರು ಬೇಕಾಯಿತು.

ಇನ್ನೊಂದು ಅಂಶ. ನರೆಯನ್ನು ಎಣಿಸಬಹುದು. ಒಂದೇ ಒಂದು ಕೂದಲು ನರೆತರೂ 'ಒಂದು ನರೆ ಕಂಡಿತು' ಎನ್ನುತ್ತೇವೆ. ಭಾರತೀಯ ಕಥಾಪರಂಪರೆ ಈ ಒಂಟಿ ಕೂದಲಿನ ಮೇಲೆಯೇ ದೊಡ್ಡ ಕಟ್ಟಡಗಳನ್ನು ಕಟ್ಟಿದೆ. ಮಖಾದೇವ ಜಾತಕದಲ್ಲಿ ಅರಸನ ಅಪ್ಪಣೆಯಂತೆ ಕ್ಷೌರಿಕನು ಮೊದಲ ನರೆಯನ್ನು ಚಿನ್ನದ ಚಿಮಟದಿಂದ ಕಿತ್ತು ಅವನ ಅಂಗೈಯಲ್ಲಿಡುತ್ತಾನೆ. ಅರಸ ರಾಜ್ಯ ಬಿಡುತ್ತಾನೆ. ಕಾಳಿದಾಸನ ರಘುವಂಶದ 12ನೆಯ ಸರ್ಗದಲ್ಲಿ ಮುಪ್ಪು ನರೆಯ ವೇಷದಲ್ಲಿ ದಶರಥನ ಕಿವಿಯ ಬಳಿಗೆ ಬಂದು, ರಾಮನಿಗೆ ರಾಜ್ಯವನ್ನೊಪ್ಪಿಸೆಂದು ಪಿಸುಗುಟ್ಟುತ್ತದೆ. ಸೋಮದೇವಸೂರಿಯ ಯಶಸ್ತಿಲಕದಲ್ಲಿ (959) ಯಶೋಧರನ ತಂದೆ ವಿರಕ್ತನಾಗುವುದು ನರೆಯ ದರ್ಶನದಿಂದ. ಕನ್ನಡದ ಜನ್ನ 1209ರ ತನ್ನ ಯಶೋಧರ ಚರಿತೆಯಲ್ಲಿ ಇದೇ ಕಥೆಯನ್ನು ಎತ್ತಿಕೊಂಡಿದ್ದಾನೆ. ಈ ಎಲ್ಲ ಪ್ರಸಂಗಗಳಲ್ಲಿ ನರೆಯನ್ನು ಬಣ್ಣವೆಂದು ಓದಿದರೆ ಕಥೆಯೇ ನಿಲ್ಲುವುದಿಲ್ಲ. ಸಾವಿರ ಕರಿಗೂದಲ ನಡುವಿನ ಒಂದು ಬಿಳಿಗೂದಲಿನಿಂದ ತಲೆಯ ಬಣ್ಣವೇನೂ ಬದಲಾಗದು. ಬದಲಾಗುವುದು ಅರಸನ ಅವಸ್ಥೆ.

ಯುರೋಪಿನ ಭಾಷೆಗಳನ್ನು ನೋಡಿದರೆ ಅಲ್ಲಿಯೂ ಕೂದಲ ಪದಗಳು ಶುದ್ಧ ಬಣ್ಣದ ಪದಗಳಾಗಿ ಉಳಿದಿಲ್ಲ. ಸಂಸ್ಕೃತದ 'ಪಲಿತ'ಕ್ಕೆ ಸೋದರವಾದ ಗ್ರೀಕಿನ 'ಪೋಲಿಯೋಸ್' ನರೆತದ್ದನ್ನೇ ಸೂಚಿಸುತ್ತದೆ. ಲ್ಯಾಟಿನ್ನಿನ 'ಕಾನುಸ್' ಎಂಬುದರಿಂದ ಬಂದ ಸ್ಪ್ಯಾನಿಷಿನ 'ಕಾನಾ' ನಮ್ಮ ನರೆಯಂತೆಯೇ ಎಣಿಸಬಹುದಾದ ನಾಮಪದ. ಜರ್ಮನ್ನಿನದು ಇನ್ನೂ ಸ್ವಾರಸ್ಯದ ಸಂಗತಿ. ಹಳೆಯ ಜರ್ಮನ್ನಿನಲ್ಲಿ ನರೆತವನು, ಪೂಜ್ಯನು ಎಂಬರ್ಥದ 'ಹೇರ್' ಎಂಬ ಪದವಿತ್ತು. ಅದರ ತಾರತಮ್ಯ ರೂಪದಿಂದ ಹುಟ್ಟಿದ್ದು ಇಂದಿನ ಗೌರವವಾಚಕವಾದ 'ಹೆರ್'. ಅಂದರೆ 'ಹೆಚ್ಚು ನರೆತವನು' ಎಂಬುದೇ 'ಒಡೆಯ', ಮುಂದೆ 'ಶ್ರೀಮಾನ್' ಎಂದಾಯಿತು. 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಧಾರವಾಡಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ಲರಿಗೆ ಆಗ ಸುಮಾರು 21 ವರ್ಷ. ಆ ತರುಣನನ್ನೂ ಅವರ ಭಾಷೆಯವರು 'ಹೆರ್' ಎಂದೇ ಕರೆದಿರಬೇಕು! ಪದ ತನ್ನ ಕೂದಲನ್ನು ಅಷ್ಟು ಪೂರ್ಣವಾಗಿ ಮರೆತಿತ್ತು.

ಕನ್ನಡದ ನರೆ ಆ ದಾರಿ ಹಿಡಿಯಲಿಲ್ಲ. ನಮ್ಮಲ್ಲಿ ಗೌರವ ಸಂದದ್ದು 'ಹಿರಿಯ' ಎಂಬ ಪದಕ್ಕೆ, ಅದು ಗಾತ್ರದ್ದು. ಇದಕ್ಕೆ ಒಂದು ವೈಚಾರಿಕ ಹಿನ್ನೆಲೆಯೂ ಇರಬಹುದೆಂದು ತೋರುತ್ತದೆ. ತಲೆ ನರೆತ ಮಾತ್ರಕ್ಕೆ ಯಾರೂ ಹಿರಿಯನಾಗನೆಂಬ ಮಾತು ಮನುಸ್ಮೃತಿಯಲ್ಲಿಯೂ (2.156) ಧಮ್ಮಪದದಲ್ಲಿಯೂ (260) ಬರುತ್ತದೆ. ಬೇರೆ ವಿಷಯಗಳಲ್ಲಿ ಅಷ್ಟಾಗಿ ಒಪ್ಪದ ಎರಡು ಪರಂಪರೆಗಳು ಇಲ್ಲಿ ಒಂದೇ ಮಾತನಾಡಿವೆ.

ಕೂದಲಿನ ಇನ್ನೊಂದು ಕನ್ನಡ ಪದ 'ಕೆಂಚು'. ಅದನ್ನು ಇಲ್ಲಿ ಸಂಕ್ಷೇಪವಾಗಿ ಮಾತ್ರ ಮುಟ್ಟುತ್ತೇನೆ. 'ಕೆಮ್' ಎಂಬ ಕೆಂಪಿನ ಮೂಲದಿಂದ ಬಂದರೂ ಕೆಂಚುಗೂದಲು ಕುಂಕುಮದಂತೆ ಕೆಂಪಲ್ಲ; ಕಪ್ಪಿನಿಂದ ತಿಳಿಯಾದದ್ದು. ಸ್ಪ್ಯಾನಿಷಿನಲ್ಲಿಯೂ ಕೆಂಪೆಂಬರ್ಥದ ಲ್ಯಾಟಿನ್ 'ರೂಬೆಉಸ್' ಎಂಬುದರಿಂದ ಬಂದ 'ರೂಬಿಯೋ' ಇಂದು ಹೊಂಬಣ್ಣದ ಕೂದಲಿನವನನ್ನು ಸೂಚಿಸುತ್ತದೆ. ಇಂಗ್ಲಿಷಿನ 'ಬ್ಲಾಂಡ್' ಎಂಬುದಕ್ಕೆ ನಮ್ಮ ಅನುವಾದಕರು 'ಹೊಂಗೂದಲು' ಎಂದು ಬರೆಯುವುದು ರೂಢಿ. ಮಾತು ಚೆಲುವಾಗಿದೆ, ಆದರೆ ಅದಕ್ಕೆ ಬಳಕೆಯ ಬೇರಿಲ್ಲ. ಕೆಂಚಪ್ಪ, ಕೆಂಚಮ್ಮ ಎಂದು ಮಕ್ಕಳಿಗೆ ಹೆಸರಿಟ್ಟ ನಾಡಿನಲ್ಲಿ ಕೆಂಚು ಎಂಬ ಪದವನ್ನು ಅನುವಾದಕರು ಇಷ್ಟು ದೂರವಿಡಬಾರದಿತ್ತು.

ಈಗ ಮೊದಲಿನ ಪ್ರಶ್ನೆಗೆ ಬರೋಣ: ನರೆ ನೆರೆಯಾದದ್ದು ಹೇಗೆ? ಲಿಪಿಕಾರರ ಪ್ರಮಾದವೆಂದು ತಳ್ಳಿಹಾಕುವುದು ಸುಲಭ. ಆದರೆ ತೆಲುಗಿನ 'ನೆರ' ಎಕಾರದಿಂದಲೇ ಕೂಡಿರುವುದರಿಂದ ಅಷ್ಟು ಸುಲಭವಾಗಿ ತೀರ್ಪು ಕೊಡಲಾಗದು. ನನಗೆ ತೋರುವ ಮುಖ್ಯ ಕಾರಣ ಬೇರೆ. ಈ ಪದ ಸಾಹಿತ್ಯದಲ್ಲಿ ಹೆಚ್ಚಾಗಿ ಒಂಟಿಯಾಗಿರದೆ ಜೋಡಿಯಾಗಿ ಬರುತ್ತದೆ: ನರೆ–ತೆರೆ. ಇಲ್ಲಿ ತೆರೆಯೆಂದರೆ ಚರ್ಮದ ಸುಕ್ಕು. ತಮಿಳಿನಲ್ಲಿಯೂ 'ನರೈ ತಿರೈ' ಎಂಬ ಜೋಡಿಯಿದೆ. ಸಂಸ್ಕೃತದಲ್ಲಿ ಅದು 'ವಲೀಪಲಿತ'. ಸಂಸ್ಕೃತದಲ್ಲಿ ಸುಕ್ಕು ಮೊದಲು, ನರೆ ಆಮೇಲೆ. ಈ ವ್ಯತ್ಯಾಸದಲ್ಲಿ ತತ್ತ್ವವನ್ನು ಹುಡುಕಬೇಕಾಗಿಲ್ಲ, ದ್ವಂದ್ವಸಮಾಸದಲ್ಲಿ ಕಡಿಮೆ ಸ್ವರಗಳುಳ್ಳ ಪದ ಮುಂದೆ ಬರಬೇಕೆಂಬ ಪಾಣಿನಿಯ ನಿಯಮವೇ (2.2.34) ಅದಕ್ಕೆ ಸಾಕು. ಕನ್ನಡದಲ್ಲಿ ಮಾತ್ರ ಎರಡೂ ಪದಗಳು ಒಂದೇ ಅಳತೆಯವು, ಒಂದೇ ಪ್ರಾಸದವು. ಬಾಯಿಮಾತಿನಲ್ಲಿ ಸಾಗಿದ ಜೋಡಿಯಲ್ಲಿ ಎರಡನೆಯ ಪದದ ಎಕಾರವು ಮೊದಲನೆಯದನ್ನು ತನ್ನತ್ತ ಎಳೆದುಕೊಂಡಿತೆಂದು ಊಹಿಸುವುದು ಸಮಂಜಸ. ಇಂಗ್ಲಿಷಿನ 'ಆಬರ್ನ್' ಎಂಬ ಕೂದಲಿನ ಪದಕ್ಕೆ ಇಂಥದೇ ಗತಿಯಾಗಿದೆ. ಲ್ಯಾಟಿನ್ನಿನ 'ಅಲ್ಬುರ್ನುಸ್', ಅಂದರೆ ಬೆಳ್ಳಗಿನದು, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು, ಕಂದು ಎಂಬರ್ಥದ 'ಬ್ರೌನ್' ಪದದ ಧ್ವನಿಸಾಮ್ಯಕ್ಕೆ ಸಿಲುಕಿ, ಕಡೆಗೆ ಕೆಂಗಂದು ಕೂದಲನ್ನು ಸೂಚಿಸತೊಡಗಿತು. ಅಲ್ಲಿ ಧ್ವನಿಯ ಸೆಳೆತ ಅರ್ಥವನ್ನೇ ಬದಲಿಸಿತು. ನಮ್ಮಲ್ಲಿ ರೂಪವನ್ನು ಬದಲಿಸಿ ಅರ್ಥವನ್ನು ಮಸುಕಾಗಿಸಿದೆ.

ಇದಕ್ಕೆ ಇನ್ನೊಂದು ತೊಡಕೂ ಸೇರಿತು. ಹಳಗನ್ನಡದಲ್ಲಿ ತುಂಬು ಎಂಬರ್ಥದ 'ನೆಱೆ' ಬೇರೆ, ಕೂಡು ಎಂಬರ್ಥದ 'ನೆರೆ' ಬೇರೆ. ಶಕಟರೇಫ ಬಳಕೆಯಿಂದ ಮರೆಯಾದ ಮೇಲೆ ಎರಡೂ ಒಂದಾದವು. ಆ ಇಕ್ಕಟ್ಟಿಗೆ ಮೂರನೆಯದಾಗಿ ಬಂದು ಕುಳಿತದ್ದು ಕೂದಲಿನ ನೆರೆ.

ಹುಬ್ಬಳ್ಳಿ–ಧಾರವಾಡ ಪರಿಸರದ ಆಡುಮಾತು ಈ ಚರ್ಚೆಗೆ ಎರಡು ಸೂಚನೆಗಳನ್ನು ನೀಡುತ್ತದೆ. ಇಲ್ಲಿ ಪದಾಂತ್ಯದ ಎಕಾರ ಇಕಾರವಾಗುವುದು ಸರ್ವವಿದಿತ: ಮನಿ, ತಲಿ, ಕೆರಿ. ಇದೇ ನಿಯಮದಂತೆ ನರೆಯು 'ನರಿ'ಯಾಗಬೇಕು. ಆಗ ತಲೆಯ ಮೇಲಿನದೂ ಕಾಡಿನ ಪ್ರಾಣಿಯೂ ಒಂದೇ ಆಗುತ್ತವೆ. ಫ್ರಾನ್ಸಿನ ಭಾಷಾನಕಾಶೆಯನ್ನು ಸಿದ್ಧಪಡಿಸಿದ ಝೂಲ್ ಝಿಲಿಯೆರೋನ್ ಗ್ಯಾಸ್ಕನಿ ಪ್ರಾಂತದಲ್ಲಿ ಹುಂಜವನ್ನೂ ಬೆಕ್ಕನ್ನೂ ಸೂಚಿಸುವ ಪದಗಳು ಧ್ವನಿಪಲ್ಲಟದಿಂದ ಒಂದಾಗಬೇಕಾದಲ್ಲಿ ಜನ ಹುಂಜಕ್ಕೆ ಬೇರೆ ಹೆಸರು ಹಿಡಿದರೆಂದು ತೋರಿಸಿದ. ನಮ್ಮ ಭಾಗದಲ್ಲಿ 'ತಲಿ ಬೆಳ್ಳಗಾಗೇತಿ' ಎಂಬ ಸುತ್ತುಮಾತು ರೂಢವಾಗಿರುವುದಕ್ಕೆ ಇಂಥ ಸಂಘರ್ಷವೂ ಒಂದು ಕಾರಣವಿದ್ದೀತು.

ಎರಡನೆಯ ಸೂಚನೆ ವಚನದ ಅರ್ಥಕ್ಕೇ ಸಂಬಂಧಿಸಿದ್ದು. ಅಲ್ಲಿ ನರೆ ಬರುವುದು ಕೆನ್ನೆಗೆ, ಸುಕ್ಕು ಬರುವುದು ಗಲ್ಲಕ್ಕೆ. ದಕ್ಷಿಣದವರಿಗೆ ಗಲ್ಲವೆಂದರೆ ಗದ್ದದ ಭಾಗ; ಧಾರವಾಡದವರಿಗೆ ಅದು ಕಪೋಲ. ಕಪೋಲಕ್ಕೆ ಗಲ್ಲವೆಂಬ ಹೆಸರಾದ ಮೇಲೆ ಕೆನ್ನೆ ಮತ್ತೊಂದು ಜಾಗವಾಗಲೇಬೇಕು. ಅದು ಕಿವಿಯ ಪಕ್ಕದ, ಕೂದಲು ಇಳಿದುಬರುವ ಮೇಲ್ಭಾಗವೆಂದು ಗ್ರಹಿಸಿದರೆ ನರೆ ಅಲ್ಲಿ ಮೊದಲು ತೋರುವುದು ಲೋಕಾನುಭವಕ್ಕೂ ಕಾಳಿದಾಸನ ಕಲ್ಪನೆಗೂ ಸರಿಹೊಂದುತ್ತದೆ. ಸುಕ್ಕು ಗದ್ದಕ್ಕಲ್ಲ, ಕಪೋಲಕ್ಕೆ ಬರುತ್ತದೆ. ವಚನಕಾರರ ನೋಟ ಕಿವಿಯ ಬದಿಯಿಂದ ಮುಖದ ಮೇಲೆ ಇಳಿಯುತ್ತದೆ.

ಸಂಪಾದಕರು 'ನೆರೆ'ಯನ್ನು 'ನರೆ'ಯೆಂದು ತಿದ್ದಬೇಕೆಂಬುದು ನನ್ನ ವಾದವಲ್ಲ. ಜೋಡಿಪದದ ಪ್ರಾಸದಲ್ಲಿ ಬೆಳೆದ ರೂಪಕ್ಕೂ ತನ್ನದೇ ಚರಿತ್ರೆಯಿದೆ. ಪಾಠದಲ್ಲಿ ಅದು ಇರಲಿ. ಆದರೆ ಪದಕೋಶದಲ್ಲಿ ಅದರ ಮುಂದೆ 'ಬಿಳಿಗೂದಲು' ಎಂದಷ್ಟೇ ಬರೆಯದೆ, ನರೆ ಎಂಬ ಧಾತುವಿನ ಕೆಳಗೆ ಅದನ್ನಿಟ್ಟು, ಕರಿಗೂದಲು ಮುಪ್ಪಿನಿಂದ ಬೆಳ್ಳಗಾಗುವುದು ಎಂದು ವಿವರಿಸಿ, ತೆರೆ ಎಂಬುದಕ್ಕೆ ಸುಕ್ಕು ಎಂಬ ಅರ್ಥವನ್ನೂ ಅಲ್ಲಿಯೇ ಕೊಡುವುದು ಅಗತ್ಯ.