ವಿಜ್ಞಾನ ವಸ್ತುಸಂಗ್ರಹಾಲಯವೂ ಮಗುವಿನ ಪ್ರಶ್ನೆಯೂ

ವಸ್ತುಸಂಗ್ರಹಾಲಯವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಗಾಜಿನ ಪೆಟ್ಟಿಗೆ, ಅದರ ಪಕ್ಕದಲ್ಲಿ ‘ಮುಟ್ಟಬಾರದು’ ಎಂಬ ಫಲಕ. ವಿಜ್ಞಾನ ಸಂಗ್ರಹಾಲಯಗಳು ಈ ಕಟ್ಟಳೆಯನ್ನು ಮುರಿದು ಬಹುಕಾಲವಾಯಿತು. 1903ರಲ್ಲಿ ಆಸ್ಕರ್ ಫಾನ್ ಮಿಲ್ಲರ್ ಮ್ಯೂನಿಕ್ಕಿನಲ್ಲಿ ಸ್ಥಾಪಿಸಿದ ಸಂಗ್ರಹಾಲಯವು ಯಂತ್ರಗಳನ್ನು ನೋಡುಗರ ಕೈಗೇ ಒಪ್ಪಿಸಿತು. 1969ರಲ್ಲಿ ಫ್ರಾಂಕ್ ಓಪನ್‌ಹೈಮರ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೆರೆದ ‘ಎಕ್ಸ್‌ಪ್ಲೊರಟೋರಿಯಂ’ ಸಂಗ್ರಹಾಲಯವನ್ನೇ ಪ್ರಯೋಗಶಾಲೆಯಾಗಿ ಮಾಡಿತು. ನಮ್ಮಲ್ಲಿ ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಕಟ್ಟಡವನ್ನು 1962ರಲ್ಲಿ ನೆಹರೂ ಅವರು ಉದ್ಘಾಟಿಸಿದರು. ಮುಂಬಯಿಯ ವರಳಿಯಲ್ಲಿ ನೆಹರೂ ವಿಜ್ಞಾನ ಕೇಂದ್ರವು 1985ರಲ್ಲಿ ತೆರೆಯಿತು. ಹೀಗೆ ಮಗುವಿನ ಕೈಗೆ ಸ್ವಾತಂತ್ರ್ಯ ದೊರೆತಿದೆ. ಬುದ್ಧಿಗೂ ದೊರೆತಿದೆಯೆ ಎಂಬುದೇ ಇಲ್ಲಿ ವಿಚಾರಿಸಬೇಕಾದ ಸಂಗತಿ.

ಇಂತಹ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಒಂದು ಪ್ರದರ್ಶನವನ್ನೇ ತೆಗೆದುಕೊಳ್ಳೋಣ. ಎರಡು ಶಂಕುಗಳನ್ನು ಬುಡಕ್ಕೆ ಬುಡ ಸೇರಿಸಿ ಎರಡು ಹಳಿಗಳ ಮೇಲೆ ಇಟ್ಟಿರುತ್ತಾರೆ. ಹಳಿಗಳು ಒಂದು ತುದಿಯಲ್ಲಿ ತಗ್ಗಾಗಿ ಹತ್ತಿರವಿದ್ದು, ಇನ್ನೊಂದು ತುದಿಯಲ್ಲಿ ಎತ್ತರವಾಗಿ ದೂರವಾಗಿರುತ್ತವೆ. ತಗ್ಗಿನಲ್ಲಿ ಬಿಟ್ಟ ಜೋಡಿ ಶಂಕು ತಾನಾಗಿ ಏರನ್ನು ಹತ್ತಿದಂತೆ ಉರುಳುತ್ತದೆ. ಮಗು ನಗುತ್ತದೆ, ಚಪ್ಪಾಳೆ ತಟ್ಟುತ್ತದೆ. ಆದರೆ ಇಲ್ಲಿಗೇ ನಿಂತರೆ ಇದು ಇಂದ್ರಜಾಲವೇ ಹೊರತು ವಿಜ್ಞಾನವಲ್ಲ. ‘ಅದೇ ಹಳಿಯ ಮೇಲೆ ದುಂಡು ಕೊರಡನ್ನಿಟ್ಟರೆ ಏನಾದೀತು?’ ಎಂದು ಮಗು ಊಹಿಸಬೇಕು, ಇಟ್ಟು ನೋಡಬೇಕು, ಕೊರಡು ಕೆಳಕ್ಕೆ ಉರುಳಿದಾಗ ಬೆರಗಾಗಬೇಕು. ಶಂಕುವಿನ ನಡುಭಾಗವು ನೆಲದಿಂದ ಎಷ್ಟು ಎತ್ತರದಲ್ಲಿದೆಯೆಂದು ಎರಡು ತುದಿಗಳಲ್ಲಿಯೂ ನೂಲಿನಿಂದ ಅಳೆಯಬೇಕು. ಹಳಿಗಳು ದೂರವಾದಂತೆ ಶಂಕು ಅವುಗಳ ನಡುವೆ ಕುಸಿಯುತ್ತದೆ, ಹತ್ತಿದಂತೆ ಕಂಡದ್ದು ವಾಸ್ತವವಾಗಿ ಇಳಿದಿದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಊಹೆ, ಪರೀಕ್ಷೆ, ತಪ್ಪು, ತಿದ್ದುಪಡಿ, ಈ ನಾಲ್ಕರ ಪರಂಪರೆಯೇ ವೈಜ್ಞಾನಿಕ ಚಿಂತನೆ. ವಿವರಣೆಯ ಫಲಕವು ಉತ್ತರವನ್ನು ಮೊದಲೇ ಹೇಳಿಬಿಟ್ಟರೆ ಮಗುವಿಗೆ ತಪ್ಪು ಮಾಡುವ ಹಕ್ಕೇ ಉಳಿಯುವುದಿಲ್ಲ.

ಈ ಪ್ರದರ್ಶನದೆದುರು ಒಮ್ಮೆ ಒಂದು ಶಾಲೆಯ ಮಕ್ಕಳನ್ನು ಕಂಡೆ. ಸಾಲಿನಲ್ಲಿದ್ದ ಹುಡುಗಿಯೊಬ್ಬಳು ‘ಅದು ನಿಜವಾಗಿ ಹತ್ತುತ್ತಿದೆಯೇ ಟೀಚರ್?’ ಎಂದಳು. ‘ಸಾಲು ತಪ್ಪಬೇಡ, ಮುಂದೆ ನಡೆ’ ಎಂಬುದೇ ಅವಳಿಗೆ ದೊರೆತ ಉತ್ತರ. ಆ ದಿನ ಆ ಸಭಾಂಗಣದಲ್ಲಿ ಹುಟ್ಟಿದ ಏಕೈಕ ವೈಜ್ಞಾನಿಕ ಪ್ರಶ್ನೆ ಅದೇ ಇದ್ದೀತು!

ದೋಷವು ಶಾಲೆಯದು ಮಾತ್ರವಲ್ಲ. ಕೆವಿನ್ ಕ್ರೌಲಿ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯದ ಮಕ್ಕಳ ಸಂಗ್ರಹಾಲಯವೊಂದರಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವು ನಮ್ಮನ್ನು ಎಚ್ಚರಿಸಬೇಕು. ಉಪಕರಣವನ್ನು ಬಳಸುವ ಬಗೆಯನ್ನು ತಂದೆತಾಯಿಗಳು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ ಹೇಳಿದರು. ಆದರೆ ‘ಏಕೆ’ ಎಂಬುದನ್ನು ವಿವರಿಸುವಾಗ ಗಂಡುಮಕ್ಕಳಿಗೆ ಸುಮಾರು ಮೂರು ಪಟ್ಟು ಹೆಚ್ಚಾಗಿ ವಿವರಿಸಿದರು. ಇದಕ್ಕೆ ಪರಿಹಾರವಿಲ್ಲದಿಲ್ಲ. ಎಕ್ಸ್‌ಪ್ಲೊರಟೋರಿಯಂನಲ್ಲಿ ಗಟ್ವಿಲ್ ಮತ್ತು ಆಲನ್ ಕುಟುಂಬಗಳಿಗೆ ಎರಡೇ ಅಭ್ಯಾಸಗಳನ್ನು ಕಲಿಸಿದರು: ಮೊದಲು ಎಲ್ಲರೂ ಕೂಡಿ ಪ್ರಶ್ನೆಯೊಂದನ್ನು ನಿಶ್ಚಯಿಸುವುದು, ಕೊನೆಯಲ್ಲಿ ಕಂಡದ್ದರ ಅರ್ಥವನ್ನು ಹೇಳುವುದು. ಹೊಸ ಪ್ರದರ್ಶನದೆದುರು ಆ ಕುಟುಂಬಗಳ ಪರಿಶೋಧನೆ ಉತ್ತಮಗೊಂಡಿತೆಂದು ಅವರು 2010ರಲ್ಲಿ ವರದಿ ಮಾಡಿದರು. ಬೇಕಾದುದು ಹೊಸ ಯಂತ್ರವಲ್ಲ, ಹೊಸ ಸಂಭಾಷಣೆ ಎಂಬುದು ಇದರಿಂದ ಸ್ಪಷ್ಟ.

ಹೊರನಾಡಿನ ಕನ್ನಡಿಗರಾದ ನಮಗೆ ಇದರಲ್ಲಿ ವಿಶೇಷ ಹೊಣೆಯಿದೆ. ಇಲ್ಲಿಯ ಫಲಕಗಳು ಕನ್ನಡದಲ್ಲಿಲ್ಲವೆಂದು ಕೊರಗಬೇಕಾಗಿಲ್ಲ. ಫಲಕವನ್ನು ಓದುವ ಮುನ್ನ ‘ಏನಾಗಬಹುದು ಹೇಳು, ಮಗಳೇ’ ಎಂದು ತಾಯಿಯೊಬ್ಬಳು ಮನೆಮಾತಿನಲ್ಲಿ ಕೇಳಿದರೆ ಸಾಕು. ಮಗುವಿನ ಊಹೆ ಅಳುಕಿಲ್ಲದೆ ಹೊರಬರುತ್ತದೆ. ಕನ್ನಡವು ಕೇವಲ ಹಬ್ಬದ ಭಾಷೆಯಾಗದೆ ಯೋಚನೆಯ ಭಾಷೆಯಾಗಿ ಉಳಿಯುವ ದಾರಿಯೂ ಇದೇ. ನಮ್ಮ ಸಂಘಗಳು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ನೂರು ಪ್ರದರ್ಶನಗಳನ್ನು ಓಡೋಡಿ ತೋರಿಸುವ ಬದಲು ಮೂರರ ಮುಂದೆ ನಿಲ್ಲಿಸಲಿ. ಹಿಂದಿರುಗುವಾಗ ‘ಏನು ನೋಡಿದೆ?’ ಎಂದು ಕೇಳುವುದಕ್ಕಿಂತ ‘ನಿನ್ನ ಯಾವ ಊಹೆ ತಪ್ಪಾಯಿತು?’ ಎಂದು ಕೇಳಲಿ.