ಬಿನ್ನಹವೂ ಪ್ರಮಾಣಪತ್ರವೂ

ವಿಜ್ಞಾಪನವೆಂಬ ಸಂಸ್ಕೃತಶಬ್ದವು ಕನ್ನಡದಲ್ಲಿ ತದ್ಭವವಾಗಿ ಬಿನ್ನಪವೆಂದೂ ಬಿನ್ನಹವೆಂದೂ ಆಯಿತು. ಅದನ್ನು ಬರೆದೊಪ್ಪಿಸುವ ಪತ್ರಕ್ಕೆ ಬಿನ್ನವತ್ತಳೆ ಎಂದು ಹೆಸರು. ಅರಬ್ಬೀ ಮೂಲದ ಅರ್ಜಿ ಎಂಬ ಮಾತು ಪಾರಸೀ ಆಡಳಿತದ ಬಳಕೆಯೊಡನೆ ಕಚೇರಿಗಳ ದಾರಿಯಿಂದ ಬಂದು ಈ ಎರಡನ್ನೂ ನಿತ್ಯವ್ಯವಹಾರದಿಂದ ಹಿಂದೆ ಸರಿಸಿತು. ಕಾವ್ಯದೊಳಗಿನ ಬಿನ್ನಹಗಳನ್ನು ವಿಮರ್ಶಕರು ವಿಚಾರಿಸಿರುವಷ್ಟು ಆಸಕ್ತಿಯಿಂದ ಅರ್ಜಿಯನ್ನು ವಿಚಾರಿಸುವ ರೂಢಿಯಿಲ್ಲ. ಆದರೆ ಒಂದು ಬಾಳಿನ ಕಷ್ಟವನ್ನು ನಾಲ್ಕು ಮಾತಿನಲ್ಲಿ ಅಡಗಿಸಿ, ಅಧಿಕಾರವುಳ್ಳವರು ಅದನ್ನು ಓದಿ ಒಂದು ತೀರ್ಮಾನಕ್ಕೆ ಬರಲೆಂದು ರಚಿಸಿದ ಬರಹವು ಮಾತಿನ ಕಲೆಯ ಪರೀಕ್ಷೆಗೆ ಹೊರತಾದುದಲ್ಲ. ಕಾಲೇಜು ಮತ್ತು ವಿಶ್ವವಿದ್ಯಾಲಯಗಳಲ್ಲಿ ಪ್ರವೇಶವನ್ನು ಬಯಸಿ, ತಾನು ಹಿಂದುಳಿದ ಸ್ಥಿತಿಯಲ್ಲಿ ಬೆಳೆದವನೆಂಬ ಕಾರಣದಿಂದ ವಿಶೇಷ ಗಣನೆಯನ್ನು ಕೇಳುವ ವಿದ್ಯಾರ್ಥಿಯ ಅರ್ಜಿ ಇಂತಹುದು. ಹಾಸನ ಜಿಲ್ಲೆಯ ಸಕಲೇಶಪುರ ಆಲೂರು ತಾಲ್ಲೂಕುಗಳ ಮಲೆಸೀಮೆಯನ್ನು ಮುಂದಿಟ್ಟುಕೊಂಡು ಆ ಅರ್ಜಿಯ ಮಾತನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಹಳಗನ್ನಡ ಶಾಸನಗಳಲ್ಲಿ ಬಿನ್ನಪಂಗೆಯ್ದು ದತ್ತಿಯನ್ನು ಪಡೆದವರ ಸಂಗತಿ ಮತ್ತೆ ಮತ್ತೆ ಬರುತ್ತದೆ. ರೈಸ್ ಸಾಹೇಬರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟದಲ್ಲಿ, ಸಕಲೇಶಪುರ ಸೀಮೆಯು ಮಂಜರಾಬಾದೆಂಬ ಹಳೆಯ ಹೆಸರಿನಿಂದಲೇ ಸೇರಿದೆ. ಶಾಸನದ ಬಿನ್ನಪದಲ್ಲಿ ಕೇಳುವವನಿಗೆ ಹೆಸರುಂಟು, ಕೊಡುವವನಿಗೆ ಬಿರುದುಂಟು. ಕೇಳಿದುದು ಏತಕ್ಕೆಂಬುದೂ ಸಾಮಾನ್ಯವಾಗಿ ಉಂಟು. ಆದರೆ ಕೊಡುವುದು ದೊರೆಯ ಔದಾರ್ಯವೇ ಹೊರತು ಕೇಳಿದವನ ಹಕ್ಕಲ್ಲ. ಇದಕ್ಕೆ ವಿರುದ್ಧವಾದ ಧಾಟಿಯನ್ನು ಕಾವ್ಯದಲ್ಲಿ ಕಾಣಬೇಕಾದರೆ ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ನೋಡಬೇಕು. ಅಲ್ಲಿ ಹಾಡಿ ಮೆಚ್ಚಿಸಿದ ಅನಾಮಿಕ ಕನ್ಯೆಯರು ಉಡುಗೊರೆಗೆ ಬದಲಾಗಿ ಅರಸನ ಬೆಳ್ಗೊಡೆಯನ್ನು ಕೇಳುತ್ತಾರೆ; ಅದು ದೊರೆಯದಾಗಲು ಅವನನ್ನೇ ಪತಿಯಾಗಲು ಕೇಳುತ್ತಾರೆ. ಕುಲದ ಹೆಸರಿನಿಂದ ಅರಸನು ಹಿಂಜರಿದಾಗ, ಕಂಡುದಕ್ಕೂ ಕೇಳಿದುದಕ್ಕೂ ಇಲ್ಲದ ಮೈಲಿಗೆ ಮುಟ್ಟಿದುದಕ್ಕೆ ಮಾತ್ರ ಹೇಗೆ ಬಂತೆಂದು ವಾದಿಸುತ್ತಾರೆ. ಕಥೆಯ ನಡೆಯಲ್ಲಿ ಅವರ ಪಾತ್ರ ಯಾವುದೇ ಆಗಿರಲಿ, ಅವರ ಮಾತು ಕನಿಕರವನ್ನು ಬೇಡುವುದಿಲ್ಲ, ಕಾರಣವನ್ನು ಕೇಳುತ್ತದೆ. ಬಿನ್ನಹಕ್ಕೂ ವಾದಕ್ಕೂ ಇರುವ ಅಂತರವು ಇಲ್ಲಿ ಸ್ಫುಟವಾಗಿದೆ.

ಆಧುನಿಕ ಮೈಸೂರಿನಲ್ಲಿ ಈ ಎರಡನೆಯ ಧಾಟಿ 1918ರಲ್ಲಿ ಗದ್ಯರೂಪವನ್ನು ತಾಳಿತು. ಅದರ ಹಿಂದಿನ ವರ್ಷ ಹುಟ್ಟಿದ ಪ್ರಜಾಮಿತ್ರ ಮಂಡಳಿಯವರು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಬಿನ್ನವತ್ತಳೆಯನ್ನು ಅರ್ಪಿಸಿದರು. ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಏರ್ಪಟ್ಟು 1919ರಲ್ಲಿ ವರದಿಯನ್ನೊಪ್ಪಿಸಿತು. ಇಲ್ಲಿ ಕೇಳಿದವನು ಒಬ್ಬ ವ್ಯಕ್ತಿಯಲ್ಲ, ಸಮುದಾಯಗಳು. ಕೇಳಿದುದು ದತ್ತಿಯಲ್ಲ; ಪಾಲು. ಅಂದಿನಿಂದ ವಿಶೇಷ ಗಣನೆಯ ಭಾಷೆ ಅಂತಃಕರಣದ ಭಾಷೆಯಾಗಿರದೆ ಲೆಕ್ಕದ ಭಾಷೆಯಾಯಿತು.

ಲೆಕ್ಕದ ಭಾಷೆಗೆ ಲಕ್ಷಣವನ್ನು ಹೇಳುವ ಹೊಣೆ ತಪ್ಪದು. ಹಿಂದುಳಿದವನೆಂದರೆ ಯಾರು? 1962ರಲ್ಲಿ ಮೈಸೂರು ಸರ್ಕಾರವು ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ನೂರಕ್ಕೆ 68 ಸ್ಥಾನಗಳನ್ನು ಮೀಸಲಿರಿಸಿದಾಗ, ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ತಳ್ಳಿಹಾಕಿತು; ಜಾತಿಯೊಂದೇ ಹಿಂದುಳಿದಿರುವಿಕೆಯ ಒರೆಗಲ್ಲಾಗಲಾರದೆಂದೂ, ಮೀಸಲು ಸಾಮಾನ್ಯವಾಗಿ ಅರ್ಧವನ್ನು ಮೀರಬಾರದೆಂದೂ ಹೇಳಿತು. ಬಳಿಕ ವೃತ್ತಿ ಮತ್ತು ವರಮಾನಗಳನ್ನು ಆಧಾರವಾಗಿಟ್ಟ ಲಕ್ಷಣ ಬಂದಿತು. 1964ರ ಚಿತ್ರಲೇಖಾ ಮೊಕದ್ದಮೆಯಲ್ಲಿ ಅದು ನಿಂತಿತು. 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿಯನ್ನು ಕೊಟ್ಟ ಎಲ್. ಜಿ. ಹಾವನೂರರ ಆಯೋಗವು ಸಮೀಕ್ಷೆಯ ಆಧಾರದಿಂದ ಈ ಲಕ್ಷಣವನ್ನು ಮತ್ತಷ್ಟು ವಿಸ್ತರಿಸಿತು. ಜಾತಿ, ವೃತ್ತಿ, ವರಮಾನ, ಸ್ಥಳ ಎಂಬೀ ನಾಲ್ಕು ಪದಗಳ ಹೊಂದಾಣಿಕೆಯನ್ನು ಹುಡುಕುವುದೇ ಈ ಚರಿತ್ರೆಯ ಸಾರವೆನ್ನಬಹುದು.

ಇಂದಿನ ಅರ್ಜಿಯು ಆ ಹುಡುಕಾಟದ ಫಲ. ಎಂಜಿನಿಯರಿಂಗ್ ಮೊದಲಾದ ವೃತ್ತಿಶಿಕ್ಷಣದ ಪ್ರವೇಶವು 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ನಡೆಯುತ್ತಿದೆ. ಅರ್ಜಿಯಲ್ಲಿ ವಿದ್ಯಾರ್ಥಿ ತನ್ನ ಕಥೆಯನ್ನು ಹೇಳುವುದಕ್ಕೆ ಎಡೆಯಿಲ್ಲ. ಅವನು ಕಲಮುಗಳನ್ನು ತುಂಬುತ್ತಾನೆ. ಒಂದೊಂದು ಕಲಮಿಗೂ ಬೇರೊಬ್ಬರು ಕೊಟ್ಟ ಪ್ರಮಾಣಪತ್ರವನ್ನು ಲಗತ್ತಿಸುತ್ತಾನೆ. ಪರಿಶಿಷ್ಟರಿಗೆ ಡಿ ನಮೂನೆ, ಒಂದನೆಯ ಪ್ರವರ್ಗಕ್ಕೆ ಇ ನಮೂನೆ, ಉಳಿದ ಹಿಂದುಳಿದ ಪ್ರವರ್ಗಗಳಿಗೆ ಎಫ್ ನಮೂನೆ. ನಾಡಕಚೇರಿಯಿಂದ ಬಂದ ಪತ್ರಕ್ಕೆ ಆರ್.ಡಿ. ಸಂಖ್ಯೆ. ಇವುಗಳಲ್ಲದೆ ಪ್ರತಿಯೊಂದು ಪ್ರವರ್ಗದ ಒಳಗೂ ನೂರಕ್ಕೆ 15 ಸ್ಥಾನಗಳು ಗ್ರಾಮಾಂತರದಲ್ಲಿ ಓದಿದವರಿಗೆ, 5 ಸ್ಥಾನಗಳು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲು. ಗ್ರಾಮಾಂತರದ ವ್ಯಾಸಂಗಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯೂ ಕ್ಷೇತ್ರಶಿಕ್ಷಣಾಧಿಕಾರಿಯ ಮೇಲುಸಹಿಯೂ ಬೇಕು.

ಪ್ರಮಾಣವೆಂಬ ಮಾತು ಇಲ್ಲಿ ಯಥಾರ್ಥವಾದುದೇ ಎಂಬುದನ್ನು ನೋಡಬೇಕು. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ. ಇವುಗಳಲ್ಲಿ ಶಬ್ದಪ್ರಮಾಣವೆಂದರೆ ಆಪ್ತವಾಕ್ಯ. ಆಪ್ತನೆಂದರೆ ವಸ್ತುವನ್ನು ಇದ್ದಂತೆ ಅರಿತು ಅರಿತಂತೆ ಹೇಳುವವನು. ಪ್ರಮಾಣಪತ್ರವು ಶಬ್ದಪ್ರಮಾಣದ ಜಾತಿಗೆ ಸೇರಿದುದು. ಆದುದರಿಂದ ಅದರ ಬೆಲೆ ಎರಡನ್ನು ಅವಲಂಬಿಸಿದೆ: ಸಹಿ ಹಾಕಿದವನು ಸತ್ಯವನ್ನು ಹೇಳಬೇಕು, ಹೇಳುವುದಕ್ಕೆ ಕೊಟ್ಟ ವಾಕ್ಯವೂ ಸತ್ಯವನ್ನು ಹಿಡಿಯಬಲ್ಲುದಾಗಿರಬೇಕು. ಮೊದಲನೆಯದು ನೀತಿಯ ಪ್ರಶ್ನೆ. ಎರಡನೆಯದು ಮಾತಿನ ಪ್ರಶ್ನೆ. ವಿಮರ್ಶೆಗೆ ವಿಷಯವಾದುದು ಇದೇ.

ಗ್ರಾಮಾಂತರವೆಂಬ ಕಲಮನ್ನು ಮಲೆಸೀಮೆಗೆ ಹಿಡಿದುನೋಡಿದರೆ ಅದರ ಕೊರತೆ ವಿಶದವಾಗುತ್ತದೆ. ಸಕಲೇಶಪುರ ತಾಲ್ಲೂಕಿನ ಹೆತ್ತೂರು, ಯಸಳೂರು, ಹಾನಬಾಳು ಹೋಬಳಿಗಳೂ ಆಲೂರು ತಾಲ್ಲೂಕಿನ ಪಾಳ್ಯ, ಕುಂದೂರು, ಕೆಂಚಮ್ಮನ ಹೊಸಕೋಟೆ ಹೋಬಳಿಗಳೂ ಬಯಲುಸೀಮೆಯ ಗುಂಪುಮನೆಗಳ ಹಳ್ಳಿಗಳನ್ನು ಹೋಲುವುದಿಲ್ಲ. ಮನೆಗಳು ಚೆದರಿವೆ, ನಡುವೆ ಕಾಫಿತೋಟ, ಕಾಡು, ಹಳ್ಳ. ಪ್ರವೇಶದ ಕಾಗದಗಳನ್ನು ಹೊಂದಿಸುವ ಜೂನ್ ಜುಲೈ ತಿಂಗಳುಗಳು ಅಲ್ಲಿ ಮುಂಗಾರಿನ ಬಿರುಸಿನ ಕಾಲ. ಆನೆಯ ಭಯ ಬೇರೆ: 2012ರಲ್ಲಿ ಕರ್ನಾಟಕ ಆನೆ ಕಾರ್ಯಪಡೆಯು ಉಚ್ಚ ನ್ಯಾಯಾಲಯಕ್ಕೆ ಒಪ್ಪಿಸಿದ ವರದಿಯಲ್ಲಿ ಆಲೂರು ಭಾಗದ ಆನೆಗಳನ್ನು ಅಲ್ಲಿಂದ ತೆಗೆಯಬೇಕೆಂದು ಸಲಹೆ ಮಾಡುವಷ್ಟು ಮಟ್ಟಿಗೆ ಅದು ಬೆಳೆದಿತ್ತು. ಇಂತಹ ನೆಲದಲ್ಲಿ ಮಗು ಪ್ರಾಥಮಿಕ ತರಗತಿಗಳನ್ನು ಹತ್ತಿರದ ಶಾಲೆಯಲ್ಲಿ ಮುಗಿಸಿ, ಪ್ರೌಢಶಾಲೆಗೆಂದು ಸಕಲೇಶಪುರದ ಅಥವಾ ಆಲೂರಿನ ಪೇಟೆಗೆ ಹೋಗಿ ವಿದ್ಯಾರ್ಥಿನಿಲಯದಲ್ಲೋ ನೆಂಟರ ಮನೆಯಲ್ಲೋ ನಿಲ್ಲಬೇಕಾಗಿ ಬರುವುದು ಆಶ್ಚರ್ಯವಲ್ಲ.

ನಿಯಮವು ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗಿನ ಪೂರ್ತಿ ಹತ್ತು ವರ್ಷಗಳ ವ್ಯಾಸಂಗವನ್ನು ಗ್ರಾಮಾಂತರದಲ್ಲಿಯೇ ಕೇಳುತ್ತದೆ. ಸಕಲೇಶಪುರಕ್ಕೆ ಪುರಸಭೆಯುಂಟು, ಆಲೂರಿಗೆ ಪಟ್ಟಣ ಪಂಚಾಯಿತಿಯುಂಟು. ಎರಡೂ ನಿಯಮದ ದೃಷ್ಟಿಯಲ್ಲಿ ಗ್ರಾಮಾಂತರವಲ್ಲ. ಆದುದರಿಂದ ಏಳು ವರ್ಷ ಮಲೆಯ ಶಾಲೆಯಲ್ಲಿ ಓದಿ, ಮುಂದೆ ಶಾಲೆ ದೂರವಾದುದರಿಂದಲೇ ಮೂರು ವರ್ಷ ಪೇಟೆಯಲ್ಲಿ ಓದಿದವನು ಆ ಕಲಮಿನಲ್ಲಿ ಹತ್ತೂ ವರ್ಷ ಪೇಟೆಯಲ್ಲಿ ಬೆಳೆದವನಿಗೆ ಸಮಾನನಾಗುತ್ತಾನೆ. ಯಾವ ಅನನುಕೂಲದ ಕಾರಣದಿಂದ ಅವನು ಮನೆಯನ್ನು ಬಿಟ್ಟನೋ ಆ ಅನನುಕೂಲಕ್ಕೆ ಸಾಕ್ಷಿಯಾಗಬೇಕಾದ ಸಂಗತಿಯೇ ಅವನಿಗೆ ವಿರುದ್ಧವಾಗಿ ನಿಲ್ಲುತ್ತದೆ. ಕೂಲಿಗಾಗಿ ತಾಯಿತಂದೆಗಳು ತೋಟದಿಂದ ತೋಟಕ್ಕೆ, ಒಮ್ಮೊಮ್ಮೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಲೈನುಮನೆಯ ಮಗುವಿಗಂತೂ ಹತ್ತು ವರ್ಷಗಳ ಪತ್ರಗಳನ್ನು ಹಲವು ಶಾಲೆಗಳಿಂದ ಕೂಡಿಸುವುದೇ ಒಂದು ವ್ಯಾಸಂಗ. ಇಲ್ಲಿ ಯಾವ ಅಧಿಕಾರಿಯೂ ಸುಳ್ಳು ಹೇಳಿಲ್ಲ; ವಾಕ್ಯವೇ ವಸ್ತುವನ್ನು ಮುಟ್ಟಲಿಲ್ಲ. ಆಪ್ತನಿದ್ದೂ ಆಪ್ತವಾಕ್ಯವಿಲ್ಲದಂತಾಯಿತು.

ಮಲೆನಾಡು ಬಯಲಿನಿಂದ ಭಿನ್ನವಾದುದೆಂಬುದು ಸರ್ಕಾರಕ್ಕೆ ತಿಳಿಯದ ಸಂಗತಿಯಲ್ಲ. ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಗಾಗಿ 1991ರಲ್ಲಿ ಪ್ರತ್ಯೇಕವಾದ ಕಾಯಿದೆಯೇ ಆಗಿದೆ. ಸ್ಥಳವನ್ನು ಆಧಾರವಾಗಿಟ್ಟ ಕಲಮು ಅರ್ಜಿಗೆ ಹೊಸದೂ ಅಲ್ಲ: ಸಂವಿಧಾನದ 98ನೆಯ ತಿದ್ದುಪಡಿಯಿಂದ ಸೇರಿದ 371 ಜೆ ವಿಧಿಯ ಮೇರೆಗೆ ಹೈದರಾಬಾದ್ ಕರ್ನಾಟಕದವರಿಗೆ 2013ರಿಂದ ಅಂತಹ ಸೌಲಭ್ಯವುಂಟು. ಇನ್ನೂ ಗಮನಿಸತಕ್ಕುದು 1974ರ ಪ್ರದೀಪ್ ಟಂಡನ್ ಮೊಕದ್ದಮೆ. ಉತ್ತರ ಪ್ರದೇಶದ ವೈದ್ಯಕೀಯ ಕಾಲೇಜುಗಳ ಪ್ರವೇಶವನ್ನು ಕುರಿತು ಸುಪ್ರೀಂ ಕೋರ್ಟು, ಗುಡ್ಡಗಾಡಿನ ಮತ್ತು ಉತ್ತರಾಖಂಡದ ಅಭ್ಯರ್ಥಿಗಳಿಗೆ ಇಟ್ಟ ಮೀಸಲನ್ನು ಎತ್ತಿಹಿಡಿದು, ಗ್ರಾಮಾಂತರದವರಿಗೆ ಇಟ್ಟುದನ್ನು ತಳ್ಳಿಹಾಕಿತು. ಹಳ್ಳಿಗಾಡೆಂಬುದು ಬಗೆಬಗೆಯ ಜನರಿರುವ ವಿಶಾಲಸಮೂಹವೆಂದೂ ಗುಡ್ಡಗಾಡಿನ ದುರ್ಗಮತೆ ಬೇರೆಯದೆಂದೂ ಎಣಿಸಿತು. ಕರ್ನಾಟಕದಲ್ಲಿ ಗ್ರಾಮಾಂತರದ ಪಾಲು ಪ್ರವರ್ಗಗಳ ಒಳಗೆ ಅಡ್ಡಲಾಗಿ ಹಂಚಿಕೆಯಾಗುವುದರಿಂದ ಅದರ ಸ್ವರೂಪ ಬೇರೆ. ಆದರೂ ಒಂದು ಕಡೆ ಬೆಟ್ಟಕ್ಕೆ ದೊರೆತ ಹೆಸರು ಇನ್ನೊಂದು ಕಡೆ ಹಳ್ಳಿಯೆಂಬ ಹೆಸರಿನಲ್ಲಿ ಕರಗಿಹೋದುದು ವಿಚಾರಾರ್ಹವಾದುದು.

ಹೀಗಿರಲು, ಕಲಮುಗಳನ್ನು ಬಿಟ್ಟು ವಿದ್ಯಾರ್ಥಿಯೇ ತನ್ನ ಕಥೆಯನ್ನು ಬರೆಯಲಿ ಎಂದು ಕೆಲವರು ಹೇಳಬಹುದು. ಅಮೆರಿಕದಲ್ಲಿ ಆ ಪದ್ಧತಿಯುಂಟು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಜನಾಂಗವನ್ನು ಪ್ರವೇಶದ ಅಂಶವಾಗಿ ಎಣಿಸುವುದನ್ನು ಹಾರ್ವರ್ಡ್ ಮೊಕದ್ದಮೆಯಲ್ಲಿ ನಿಷೇಧಿಸುತ್ತ, ಜನಾಂಗವು ತನ್ನ ಬಾಳನ್ನು ಹೇಗೆ ಮುಟ್ಟಿತೆಂಬುದನ್ನು ಅರ್ಜಿದಾರನು ಪ್ರಬಂಧದಲ್ಲಿ ಹೇಳಿಕೊಳ್ಳುವುದಕ್ಕೆ ಅಡ್ಡಿಯಿಲ್ಲವೆಂದಿತು. ಅದರಿಂದ ಪ್ರಬಂಧದ ಭಾರ ಹೆಚ್ಚುವುದು ಸಹಜ. ಆದರೆ ಈ ಮಾರ್ಗದಲ್ಲಿ ಎರಡು ದೋಷಗಳಿವೆ. ಕಷ್ಟವನ್ನು ಚೆನ್ನಾಗಿ ಬರೆಯುವ ಶಕ್ತಿ ಒಳ್ಳೆಯ ಶಾಲೆಯ ಫಲ. ಆದುದರಿಂದ ಅತ್ಯಂತ ಹಿಂದುಳಿದವನ ಬಿನ್ನಹವೇ ಅತ್ಯಂತ ದುರ್ಬಲವಾಗುವುದು. ಮೇಲಾಗಿ, ಹದಿನೇಳು ವರ್ಷದ ಹುಡುಗಿಯೊಬ್ಬಳು ಮನೆಯ ಬಡತನವನ್ನು ಅಪರಿಚಿತರ ಮುಂದೆ ಬಿಚ್ಚಿಟ್ಟು ಅವರ ಕನಿಕರವನ್ನು ಗಳಿಸಬೇಕೆಂಬುದು 1918ಕ್ಕೆ ಹಿಂದಿನ ಬಿನ್ನಹಕ್ಕೆ ಮರಳಿದಂತೆ. ಕಲಮಿನ ಮೌನದಲ್ಲಿ ಒಂದು ಮರ್ಯಾದೆಯಿದೆ, ಅದನ್ನು ಕಳೆಯಲಾಗದು.

ಬಾಳಿನ ಕಥೆಗೆ ತಕ್ಕ ಎಡೆ ಆತ್ಮಕಥೆ. ಹಾಸನ ಜಿಲ್ಲೆಯ ಬಯಲುಭಾಗದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು 1996ರ 'ಭಿತ್ತಿ'ಯಲ್ಲಿ ಓದಿಗಾಗಿ ಪಟ್ಟ ಪಾಡನ್ನು ವಿಸ್ತಾರವಾಗಿ ಹೇಳಿದ್ದಾರೆ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರದು. ವಿಶೇಷ ಗಣನೆಯಿಂದ ಮೇಲೆ ಬಂದ ದಲಿತನನ್ನು ಸಮಾಜ ನೋಡುವ ವ್ಯಂಗ್ಯದೃಷ್ಟಿಯನ್ನು ಆ ಶೀರ್ಷಿಕೆಯೇ ಅದಕ್ಕೆ ತಿರುಗಿಸಿ ಹಿಡಿದಿದೆ. ಇವೆರಡನ್ನು ಜತೆಯಲ್ಲಿಟ್ಟು ಓದಿದರೆ ಬಡತನವೂ ಅಸ್ಪೃಶ್ಯತೆಯೂ ಒಂದೇ ಕಲಮಿನಲ್ಲಿ ಅಡಗುವ ವಸ್ತುಗಳಲ್ಲವೆಂಬುದು ಮನದಟ್ಟಾಗುತ್ತದೆ: ಒಂದನ್ನು ದುಡಿಮೆ ಕಳೆಯಬಹುದು, ಇನ್ನೊಂದು ಪದವಿಯ ಹಿಂದೆಯೂ ಬರುತ್ತದೆ. ಸಕಲೇಶಪುರದ ಸೀಮೆಯಿಂದಲೇ ಬಂದ, ಪ್ರಸಾದ್ ರಕ್ಷಿದಿಯವರ 'ಬೆಳ್ಳೇಕೆರೆ ಹಳ್ಳಿ ಥೇಟರ್' ಹಳ್ಳಿಯ ರಂಗಕಥನ; ತೋಟದ ನೆರೆಯ ಜನರು ದಾಖಲೆಯ ಸಂಖ್ಯೆಗಳಾಗಿ ಅಲ್ಲದೆ ಆಡುವ ಮಾತುಳ್ಳವರಾಗಿ ಅದರಲ್ಲಿ ಕಾಣುತ್ತಾರೆ. ಈ ಕೃತಿಗಳಲ್ಲಿ ಹೇಳುವವನು ಯಾರ ಸಹಿಗೂ ಕಾಯುವುದಿಲ್ಲ. ತಾನೇ ಆಪ್ತ, ತನ್ನದೇ ಪ್ರತ್ಯಕ್ಷ. ಅರ್ಜಿಯನ್ನು ಪ್ರಬಂಧವಾಗಿ ಮಾಡುವ ಬದಲು, ಕಲಮುಗಳನ್ನು ರಚಿಸುವವರು ಇಂತಹ ಕೃತಿಗಳನ್ನು ಓದುವುದು ಮೇಲು.

ಮಲೆನಾಡೆಂಬ ಹೊಸ ಕಲಮೊಂದರಿಂದ ಎಲ್ಲವೂ ಸರಿಹೋಗುವುದೆಂದು ತಿಳಿಯಲಾಗದು. ಅಲ್ಲಿ ತೋಟದ ಒಡೆಯನ ಬಂಗಲೆಯೂ ಆಳಿನ ಲೈನುಮನೆಯೂ ಒಂದೇ ಗ್ರಾಮಕ್ಕೆ ಸೇರಿವೆ; ಸ್ಥಳವೊಂದನ್ನೇ ಕೇಳುವ ವಾಕ್ಯ ಇಬ್ಬರ ಮಕ್ಕಳನ್ನೂ ಒಂದೇ ಎಂದು ಬರೆದೀತು. ಕೆನೆಪದರವನ್ನು ಹೊರಗಿಡುವ ವರಮಾನದ ಪತ್ರ ಅಲ್ಲಿ ಅಗತ್ಯ; 1964ರಲ್ಲಿ ನಿಂತ ವೃತ್ತಿಯ ಲಕ್ಷಣವನ್ನು ಸ್ಥಳದೊಡನೆ ಕೂಡಿಸುವುದೂ ಯುಕ್ತ. ಹತ್ತು ವರ್ಷಗಳನ್ನು ಒಟ್ಟಾಗಿ ಒಪ್ಪುವ ಅಥವಾ ಒಟ್ಟಾಗಿ ತಳ್ಳುವ ಬದಲು ಮಲೆಯಲ್ಲಿ ಕಳೆದ ವರ್ಷಗಳನ್ನು ಎಣಿಸಿ ತಕ್ಕಷ್ಟು ಗಣನೆ ಕೊಡಬಹುದು. ಓದಿಗಾಗಿ ಪೇಟೆಯ ವಿದ್ಯಾರ್ಥಿನಿಲಯದಲ್ಲಿ ನಿಂತ ವರ್ಷಗಳನ್ನು ತಾಯಿತಂದೆಗಳ ವಾಸಸ್ಥಳದ ಲೆಕ್ಕಕ್ಕೆ ಸೇರಿಸಬಹುದು. ಎಲ್ಲೆಯೆಳೆದಲ್ಲಿ ಅಂಚಿನವರು ಇದ್ದೇ ಇರುತ್ತಾರೆಂಬ ಆಕ್ಷೇಪ ನಿಜ. ಆದರೆ ಅಂಚಿನಲ್ಲಿ ಬೀಳುವವನು ಅಕಸ್ಮಾತ್ತಾಗಿ ಬೀಳುವುದು ಬೇರೆ; ಯಾರಿಗಾಗಿ ಎಲ್ಲೆಯನ್ನು ಎಳೆಯಿತೋ ಅವನೇ ಆ ಕಾರಣದಿಂದಲೇ ಬೀಳುವುದು ಬೇರೆ.

ಒಟ್ಟಿನಲ್ಲಿ, ಬಿನ್ನಹವು ಪ್ರಮಾಣಪತ್ರವಾದುದು ಕನ್ನಡನಾಡಿನ ಒಂದು ಗಳಿಕೆ. ಆ ಗಳಿಕೆಯನ್ನು ಉಳಿಸಿಕೊಳ್ಳಬೇಕಾದರೆ ಪತ್ರದ ವಾಕ್ಯಗಳನ್ನು ಕಾಲಕಾಲಕ್ಕೆ ನೆಲದ ಮೇಲೆ ಇಟ್ಟು ನೋಡಿ ತಿದ್ದಬೇಕು. ಗ್ರಂಥಸಂಪಾದಕನು ಒಂದು ಪಾಠವನ್ನು ಒಪ್ಪುವ ಮೊದಲು ಪ್ರತಿಗಳನ್ನು ಹೋಲಿಸುವಂತೆ, ಇಲ್ಲಿ ಹೋಲಿಸತಕ್ಕ ಮೂಲಪ್ರತಿ ಹೆತ್ತೂರಿನ ದಾರಿಯಲ್ಲಿ ಶಾಲೆಗೆ ನಡೆಯುವ ಮಗು.